ಓದದೆ ಬಿಟ್ಟ ಎರಡು ಸಾಲು

(ಪುಣೆಯ ಕನ್ನಡಿಗರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಚಹಾ ಬಂದು ಮಾತು ನಿಂತ ಜಾಗಗಳನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸುತ್ತಿದೆ ಅಲ್ವಾ?

ಪುಣೆಯಲ್ಲಿ ನಿಂತು ಯುದ್ಧದ ಬಗ್ಗೆ ಮಾತಾಡಲು ಸ್ವಲ್ಪ ಅಂಜಿಕೆ. ಈ ಊರಲ್ಲಿ ನಾಲ್ಕು ಜನ ಸೇರಿದರೆ ಒಬ್ಬರಾದರೂ ರಿಟೈರ್ಡ್ ಸುಬೇದಾರ್ ಇರುತ್ತಾರೆ. ಇವತ್ತೂ ಇಬ್ಬರು ಮುಂದೆಯೇ ಕುಳಿತಿದ್ದಾರೆ, ನಗುತ್ತಿದ್ದಾರೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ನಾನು ಬಂದೂಕು ಹಿಡಿದವನಲ್ಲ. ಅಂಚೆ ಇಲಾಖೆಯ ಗುಮಾಸ್ತ. ನಡುವೆ ಕೆಲವು ವರ್ಷ ಡೆಪ್ಯುಟೇಶನ್ ಮೇಲೆ ಸೇನಾ ಅಂಚೆಯಲ್ಲಿ ಯೂನಿಫಾರ್ಮ್ ಹಾಕಿಕೊಂಡಿದ್ದೆ, ಅಷ್ಟೇ. ಯುದ್ಧ ಹೇಗೆ ಗೆದ್ದರು ಅಂತ ನನ್ನನ್ನು ಕೇಳಬೇಡಿ. ಪತ್ರ ಹೇಗೆ ಹೋಯಿತು, ಹೇಗೆ ಬಂತು ಅಂದರೆ ಹೇಳುತ್ತೇನೆ.

ಇದು ನೋಡಿ. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟಿದ್ದೇನೆ, ಮಡಿಕೆಯಲ್ಲಿ ಹರಿದಿದೆ. ನಮ್ಮ ಕಾಕಾ 1971ರ ನವೆಂಬರಿನಲ್ಲಿ ಬರೆದ ಕಾಗದ. ಇನ್‌ಲ್ಯಾಂಡ್ ಲೆಟರ್ ಥರದ್ದೇ, ಆದರೆ ಫೌಜಿಗಳದ್ದು. ಸ್ಟಾಂಪ್ ಇಲ್ಲ. ಠಸ್ಸೆ ಇದೆ, ಠಸ್ಸೆಯಲ್ಲಿ ಊರ ಹೆಸರಿಲ್ಲ. ಬರೀ ಒಂದು ನಂಬರ್.

ನಮ್ಮದು ಚಿಕ್ಕೋಡಿ ತಾಲೂಕಿನ ಹಳ್ಳಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಕಾಕಾ ಕಲಿತದ್ದು ಮರಾಠಿ ಶಾಲೆ, ನಾನು ಕನ್ನಡ ಶಾಲೆ. ಕಾಕಾ ಬೆಳಗಾವಿಗೆ ಹೋಗಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದ. ಅಲ್ಲಿ 1922ರಿಂದ ಆ ರೆಜಿಮೆಂಟಿನ ಕೇಂದ್ರ ಇದೆ. ಹೆಸರು ಮರಾಠಾ ಅಂತ ಇದ್ದರೂ ಅದರಲ್ಲಿ ನಮ್ಮ ಕಡೆಯ ಕನ್ನಡ ಹುಡುಗರೂ ಇದ್ದಾರೆ. ಬ್ಯಾರಕ್ಕಿನ ರೂಢಿಯಂತೆ ಕಾಕಾ ಪತ್ರವನ್ನು ಮರಾಠಿಯಲ್ಲೇ ಬರೆಯುತ್ತಿದ್ದ. ಪತ್ರ ಹೋಗುವುದು ಆಯಿಗೆ, ಅಂದರೆ ನನ್ನ ಅಜ್ಜಿಗೆ. ಆಕೆಗೆ ಓದಲು ಬರುತ್ತಿರಲಿಲ್ಲ. ಮರಾಠಿ ಪೇಟೆಗೆ ಸಾಕಾಗುವಷ್ಟು ಬರುತ್ತಿತ್ತು.

ಹಾಗಾಗಿ ಹನ್ನೊಂದು ವರ್ಷದ ನಾನು ಓದುವವ. ಒಂದೊಂದೇ ಮರಾಠಿ ಅಕ್ಷರ ಕೂಡಿಸಿಕೊಂಡು, ಮನಸ್ಸಿನಲ್ಲೇ ಕನ್ನಡ ಮಾಡಿ, ಜೋರಾಗಿ ಹೇಳಬೇಕು. ಶುರುವಿನಲ್ಲೇ ‘ಶಿ. ಸಾ. ನ. ವಿ. ವಿ.’ ಅಂತ ಇರುತ್ತಿತ್ತು. ಶಿರಸಾಷ್ಟಾಂಗ ನಮಸ್ಕಾರ ವಿನಂತಿ ವಿಶೇಷ. ನನಗೆ ಆಗ ಅದು ಗೊತ್ತಿಲ್ಲ. “ನಮಸ್ಕಾರ ಅಂದಾನ” ಅಂತ ಮುಂದೆ ಹೋಗುತ್ತಿದ್ದೆ.

ಆ ಸಂಜೆ ಆಯಿ ಕಂದೀಲು ಹಿಡಿದುಕೊಂಡು ನನ್ನ ಬಗಲಿಗೆ ಕುಳಿತಿದ್ದಳು. ಚಳಿ ಶುರುವಾಗಿದೆ, ಸ್ವೆಟರ್ ಮುಟ್ಟಿತು, ಎಮ್ಮೆ ಈಯಿತೇ, ಕಡಲೆ ಬಿತ್ತಿದಿರಾ. ಇಷ್ಟು ಓದಿದೆ. ಕೆಳಗೆ ಇನ್ನೂ ಎರಡು ಸಾಲಿತ್ತು. ಮನಸ್ಸಿನಲ್ಲಿ ಓದಿಕೊಂಡೆ. ಗಂಟಲು ಕಟ್ಟಿತು. “ಮುಗೀತು” ಅಂದೆ.

ಆಯಿ ಕಾಗದ ಇಸಿದುಕೊಂಡಳು. ಕಂದೀಲಿನ ಬೆಳಕಿಗೆ ಹಿಡಿದು, ಕೊನೆಯ ಎರಡು ಸಾಲಿನ ಮೇಲೆ ಬೆರಳು ಇಟ್ಟಳು.

“ಇದು ಉಳಿತಲ್ಲೋ?”

ಓದಲು ಬಾರದಿದ್ದರೇನು, ನನ್ನ ಕಣ್ಣು ಯಾವ ಸಾಲಿನ ಮೇಲೆ ಓಡುತ್ತಿದೆ ಅಂತ ನೋಡುತ್ತಿದ್ದಳು. ನಾನು ಏನೋ ತೊದಲಿದೆ. “ಅದು ಅಡ್ರೆಸ್” ಅಂದೆ. ಆಯಿ “ಹಂಗೇನ” ಅಂದು ಕಾಗದ ಮಡಿಚಿ ಸೆರಗಿಗೆ ಕಟ್ಟಿಕೊಂಡಳು.

ಆ ಎರಡು ಸಾಲು ಏನು ಅಂತ ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಊಟಕ್ಕೆ ಎದ್ದುಬಿಡುತ್ತೀರಿ.

ಸೈನಿಕನ ಪತ್ರ ಅಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಚಿತ್ರ ಬರುತ್ತದೆ. ಬಂಕರಿನಲ್ಲಿ ಮೇಣದಬತ್ತಿ ಹಚ್ಚಿಕೊಂಡು ಒಬ್ಬನೇ ಬರೆಯುವ ಜವಾನ. ಇತ್ತ ಬಾಗಿಲಿಗೆ ಒರಗಿ ಒಬ್ಬಳೇ ಓದುವ ಹೆಂಡತಿ. ಸಿನಿಮಾದವರು ತುಂಬಿದ್ದು. ನಾನು ಕಂಡ ಪತ್ರಗಳಲ್ಲಿ ಹಾಗೆ ಇಬ್ಬರೇ ಇದ್ದದ್ದು ಕಡಿಮೆ. ನಡುವೆ ಒಬ್ಬ ಮೂರನೆಯವ ಬಂದೇ ಬರುತ್ತಾನೆ. ಬರೆದುಕೊಡುವವ, ಓದಿ ಹೇಳುವವ, ತಡೆಯುವವ, ಚೀಲಕ್ಕೆ ಹಾಕುವವ. ನಮ್ಮ ಮನೆಯಲ್ಲಿ ಆ ಮೂರನೆಯವ ನಾನು. ಇವತ್ತು ಅವನ ಬಗ್ಗೆಯೇ ಜಾಸ್ತಿ ಮಾತಾಡುತ್ತೇನೆ.

ಅತಿ ದೊಡ್ಡ ಮೂರನೆಯವ ಕುಳಿತಿದ್ದು ಫ್ರಾನ್ಸಿನ ಬುಲೋನ್ ಅನ್ನುವ ಊರಲ್ಲಿ, ಮೊದಲ ಮಹಾಯುದ್ಧದಲ್ಲಿ.

1914ರ ಸೆಪ್ಟೆಂಬರ್ ಕೊನೆಗೆ ಭಾರತದ ಮೊದಲ ತುಕಡಿಗಳು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದವು. ಹೌದು, ನಾಲ್ಕು ವರ್ಷ ಹಿಂದೆ ಸಾವರ್ಕರ್ ಹಡಗಿನಿಂದ ಹಾರಿದ್ದರಲ್ಲ, ಅದೇ ಮಾರ್ಸೇಲ್ಸ್. ಹತ್ತಿ ಬಟ್ಟೆಯ ಯೂನಿಫಾರ್ಮಿನಲ್ಲಿ ಬಂದವರು ಯುರೋಪಿನ ಚಳಿಗಾಲಕ್ಕೆ ಸಿಕ್ಕಿಬಿದ್ದರು. ಕಂದಕದಲ್ಲಿ ಮೊಣಕಾಲುದ್ದ ನೀರು. ಆ ಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿದರು. ಅವರಲ್ಲಿ ಬಹಳ ಜನಕ್ಕೆ ಓದು ಬರಹ ಬಾರದು. ಆದರೂ 1915ರ ಹೊತ್ತಿಗೆ ಫ್ರಾನ್ಸಿನಿಂದ ವಾರಕ್ಕೆ ಹತ್ತರಿಂದ ಇಪ್ಪತ್ತು ಸಾವಿರ ಪತ್ರ ಹೊರಡುತ್ತಿದ್ದವು. ಹೇಗೆ? ತುಕಡಿಯಲ್ಲಿ ಬರೆಯಲು ಬರುವವ ಒಬ್ಬ ಇದ್ದರೆ ಸಾಕು, ಅವನ ಸುತ್ತ ಹತ್ತು ಜನ. ಆಸ್ಪತ್ರೆಯಲ್ಲಂತೂ ಪಕ್ಕದ ಮಂಚದವನೇ ಗುಮಾಸ್ತ. ಊರಲ್ಲಿ ಅದನ್ನು ಮಾಸ್ತರೋ ಪೋಸ್ಟ್‌ಮ್ಯಾನೋ ಕಟ್ಟೆಯ ಮೇಲೆ ಜೋರಾಗಿ ಓದುತ್ತಿದ್ದ. ಹೆಂಡತಿಗೆ ಬರೆದ ಮಾತನ್ನು ಮಾವ, ಮೈದುನ, ಕುಲಕರ್ಣಿ ಎಲ್ಲರೂ ಕೇಳುತ್ತಿದ್ದರು. ‘ನಿನ್ನ ನೆನಪು ಬರುತ್ತದೆ’ ಅಂತ ಯಾರು ಬರೆಯುತ್ತಾರೆ, ಹೇಳಿ? ಎಮ್ಮೆ ಹೇಗಿದೆ ಅಂತಲೇ ಬರೆಯಬೇಕು.

ಇದರ ಮೇಲೆ ಸರ್ಕಾರದ ಕಣ್ಣು. ಬಂಡಾಯದ ಕಾಗದಪತ್ರ ಸಿಪಾಯಿಗಳ ಕೈಗೆ ಸೇರೀತು ಅನ್ನುವ ಭಯದಿಂದ ಬ್ರಿಟಿಷರು ಭಾರತೀಯರ ಟಪಾಲಿಗೇ ಬೇರೆ ಸೆನ್ಸಾರ್ ಕಚೇರಿ ತೆರೆದರು. ಮುಖ್ಯಸ್ಥ ಕ್ಯಾಪ್ಟನ್ ಹೊವೆಲ್ ಅನ್ನುವ ಅಧಿಕಾರಿ. ಉರ್ದು, ಹಿಂದಿ, ಗುರುಮುಖಿ, ಮರಾಠಿ ಪತ್ರಗಳನ್ನು ಓದಿ, ಬೇಕಾದ ಭಾಗವನ್ನು ಇಂಗ್ಲಿಷಿಗೆ ಇಳಿಸಿ, ವರದಿಯ ಜೊತೆ ಮೇಲಕ್ಕೆ ಕಳಿಸುವುದು ಅವರ ಕೆಲಸ. ಪತ್ರ ತಡೆದದ್ದು ಕಡಿಮೆ. ಸಿಪಾಯಿಯ ಮನಸ್ಸು ಯಾವ ಕಡೆ ವಾಲುತ್ತಿದೆ ಅಂತ ತಿಳಿಯುವುದೇ ಮುಖ್ಯ.

ನಮ್ಮವರೇನು ದಡ್ಡರೇ? ಯಾರೋ ಓದುತ್ತಿದ್ದಾರೆ ಅಂತ ಅವರಿಗೆ ಬೇಗ ಗೊತ್ತಾಯಿತು. ಗುಟ್ಟಿನ ಮಾತು ಶುರುವಾಯಿತು. ಒಬ್ಬ ಬರೆದ ಪತ್ರ ಬಹಳ ಹೆಸರುವಾಸಿ. ಕರಿ ಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ, ಆದರೆ ಕರಿ ಮೆಣಸು ಬಹಳ ಖಾರ, ಕೆಂಪಿಗೆ ಅಷ್ಟು ಖಾರ ಇಲ್ಲ. ಇದು ಗುಟ್ಟು, ನೀನು ಜಾಣ, ಅರ್ಥ ಮಾಡಿಕೋ. ಇದು ಪತ್ರದ ಸಾರ. ಕರಿ ಅಂದರೆ ನಮ್ಮವರು, ಕೆಂಪು ಅಂದರೆ ಗೋರಾಗಳು. ಬ್ಯಾಡಗಿ ಮೆಣಸಿನಕಾಯಿ ಬಲ್ಲ ನಮಗೆ ಇದು ಸುಲಭ. ಬಣ್ಣ ಜಾಸ್ತಿ, ಖಾರ ಕಡಿಮೆ. ಪಾಪ, ‘ಇದು ಗುಟ್ಟು’ ಅಂತ ಪತ್ರದಲ್ಲೇ ಬರೆದರೆ ಗುಟ್ಟು ಎಲ್ಲಿ ಉಳಿಯುತ್ತದೆ? ಸೆನ್ಸಾರಿನವನಿಗೆ ಕೂಡಲೇ ಹೊಳೆಯಿತು. ಅವನು ಬರೆದಿಟ್ಟ. ಅವನು ಬರೆದಿಟ್ಟದ್ದಕ್ಕೇ ಇವತ್ತು ನಾನು ನಿಮಗೆ ಹೇಳುತ್ತಿದ್ದೇನೆ.

ಗಾಯಗೊಂಡ ಒಬ್ಬ ರಜಪೂತ ಸಿಪಾಯಿ 1915ರ ಜನವರಿಯಲ್ಲಿ ಇಂಗ್ಲೆಂಡಿನ ಆಸ್ಪತ್ರೆಯಿಂದ ಮನೆಗೆ ಬರೆದ: ಇದನ್ನು ಯುದ್ಧ ಅಂದುಕೊಳ್ಳಬೇಡಿ, ಇದು ಲೋಕದ ಕೊನೆ. ನಮ್ಮ ಹಿರಿಯರ ಮಹಾಭಾರತದಲ್ಲಿ ಹೇಳಿದ್ದಾರಲ್ಲ, ಅಂಥದ್ದೇ. ಎಷ್ಟೋ ಪತ್ರಗಳಲ್ಲಿ ಹೊಲದ ಮಾತೇ. ಹೆಣಗಳು ಕೊಯ್ದಿಟ್ಟ ಸಿವುಡಿನಂತೆ ಬಿದ್ದಿವೆ ಅಂತ ಒಬ್ಬ. ರೈತನ ಕಣ್ಣಿಗೆ ಬೇರೆ ಹೋಲಿಕೆ ಎಲ್ಲಿಂದ ಬರಬೇಕು?

ಬರೀ ಸಾವಿನ ಮಾತೇ ಅಂದುಕೊಳ್ಳಬೇಡಿ. ಫ್ರಾನ್ಸಿನ ಹಳ್ಳಿಗಳಲ್ಲಿ ಉಳಿದುಕೊಂಡ ಸವಾರರು ಅಲ್ಲಿನ ಹೆಂಗಸರು ಓದುವುದು, ಲೆಕ್ಕ ಬರೆಯುವುದು, ಹೊಲ ನೋಡಿಕೊಳ್ಳುವುದು ಎಲ್ಲ ನೋಡಿದರು. ಮನೆಗೆ ಬರೆದರು: ಹುಡುಗಿಯರನ್ನು ಶಾಲೆಗೆ ಕಳಿಸಿ. ಇಂಥ ಪತ್ರ ಒಂದೆರಡಲ್ಲ.

ಈಗ ನನಗೆ ಸಿಟ್ಟು ಬರುವ ವಿಷಯ. ಆ ಪತ್ರಗಳ ಮೂಲ ಬಹುತೇಕ ಉಳಿದಿಲ್ಲ. ಉಳಿದದ್ದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಗ್ಲಿಷ್ ತುಣುಕುಗಳು. ಸೆನ್ಸಾರಿನವನಿಗೆ ಮುಖ್ಯ ಅನ್ನಿಸಿದ ನಾಲ್ಕು ಸಾಲು. ‘ಎಮ್ಮೆ ಈಯಿತೇ’ ಅನ್ನುವುದನ್ನು ಅವನು ಯಾಕೆ ಬರೆದುಕೊಳ್ಳುತ್ತಾನೆ? ಅವನಿಗೆ ಬೇಕಾದ್ದು ಮೆಣಸು. ನಾನು ಎರಡು ಸಾಲು ಬಿಟ್ಟು ಉಳಿದದ್ದೆಲ್ಲ ಓದಿದೆ. ಅವನು ಎರಡು ಸಾಲು ಇಟ್ಟುಕೊಂಡು ಉಳಿದದ್ದೆಲ್ಲ ಬಿಟ್ಟ. ಆದರೂ ಬೈಯಲು ಬಾಯಿ ಬರುವುದಿಲ್ಲ ನೋಡಿ. ಅವನು ಕದ್ದು ಓದದಿದ್ದರೆ ಇಷ್ಟೂ ಇರುತ್ತಿರಲಿಲ್ಲ.

ಒಬ್ಬನ ದನಿಯೇ ಉಳಿದಿದೆ. ಮಾಲ್ ಸಿಂಗ್ ಅಂತ, ಫಿರೋಜ್‌ಪುರದ ಕಡೆಯವ. ಜರ್ಮನ್ನರಿಗೆ ಸೆರೆಸಿಕ್ಕ. ಬರ್ಲಿನ್ ಹತ್ತಿರದ ಕ್ಯಾಂಪಿನಲ್ಲಿ ಭಾಷೆಗಳ ಅಧ್ಯಯನಕ್ಕೆ ಅಂತ ಕೈದಿಗಳ ದನಿ ಮುದ್ರಿಸಿಕೊಳ್ಳುತ್ತಿದ್ದರು. 1916ರ ಡಿಸೆಂಬರಿನಲ್ಲಿ ಅವನ ಮುಂದೆ ಕೊಳವೆ ಹಿಡಿದರು. ಅವನು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ಒಬ್ಬ ಮನುಷ್ಯ ಇದ್ದ. ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಹಾಲು ಕುಡಿಯುತ್ತಿದ್ದ. ಇಂಗ್ಲಿಷರ ನೌಕರಿಗೆ ಸೇರಿದ. ಯುರೋಪಿನ ಯುದ್ಧಕ್ಕೆ ಬಂದ. ಜರ್ಮನ್ನರ ಕೈಗೆ ಸಿಕ್ಕಿದ. ಈಗ ಅವನು ಹಿಂದೂಸ್ತಾನಕ್ಕೆ ಹೋಗಬೇಕು ಅಂತಾನೆ. ತನ್ನದೇ ಕತೆ, ಆದರೆ ‘ನಾನು’ ಅನ್ನಲಿಲ್ಲ, ‘ಅವನು’ ಅಂದ. ಯಾರಿಗೆ ಹೇಳುತ್ತಿದ್ದೇನೆ ಅಂತ ಗೊತ್ತಿಲ್ಲದ ಪತ್ರ ಅದು.

ನಮ್ಮ ಪುಣೆಯ ಹೆಸರು ಬರುವುದು ಮೆಸೊಪೊಟೇಮಿಯಾದಲ್ಲಿ, ಅಂದರೆ ಈಗಿನ ಇರಾಕಿನಲ್ಲಿ. ಅಲ್ಲಿಗೆ ಹೋದ ದೊಡ್ಡ ಪಡೆಯ ಹೆಸರು 6ನೇ ಪೂನಾ ಡಿವಿಜನ್. ಅದರಲ್ಲಿ 103, 110, 117ನೇ ಮರಾಠಾ ಪಲ್ಟಣಗಳಿದ್ದವು. 1914ರ ಅಕ್ಟೋಬರಿನಿಂದ ಮುಂಬಯಿ ಬಂದರಿನಿಂದ ಹಡಗುಗಳು ಹೊರಟವು. ನವೆಂಬರಿನಲ್ಲಿ ಬಸ್ರಾ ಕೈಗೆ ಬಂತು. ಮರುವರ್ಷ ಬಾಗ್ದಾದಿನ ಕಡೆ ನುಗ್ಗಿ, ಸೋತು, ಹಿಂದೆ ಬಂದು ಕೂತ್ ಅನ್ನುವ ಊರಲ್ಲಿ ಸಿಕ್ಕಿಬಿದ್ದರು. ತುರ್ಕರು ಸುತ್ತುವರಿದರು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ಮುತ್ತಿಗೆ. ಟಪಾಲು ನಿಂತಿತು. ಕಾಳು ಮುಗಿಯುತ್ತಾ ಬಂತು. ಕುದುರೆ ಕಡಿದು ತಿನ್ನುವ ಹೊತ್ತು ಬಂತು. ನಮ್ಮವರಲ್ಲಿ ಬಹಳ ಜನ ಒಲ್ಲೆ ಅಂದರು. ತಿಂದದ್ದು ಊರಿಗೆ ಗೊತ್ತಾದರೆ ಜಾತಿಯಿಂದ ಹೊರಗೆ ಹಾಕುತ್ತಾರೆ ಅನ್ನುವ ಭಯ. ಕೊನೆಗೆ ಭಾರತದ ಧರ್ಮಗುರುಗಳಿಂದ ‘ತಿನ್ನಬಹುದು’ ಅಂತ ಒಪ್ಪಿಗೆ ತರಿಸಿ ವೈರ್‌ಲೆಸ್ಸಿನಲ್ಲಿ ಕಳಿಸಬೇಕಾಯಿತು. ಯೋಚನೆ ಮಾಡಿ. ಊರಿನಿಂದ ಬಂದ ಸುದ್ದಿ ಅದು. ಮಗ ಹೇಗಿದ್ದಾನೆ, ಹೊಲ ಹೇಗಿದೆ ಅಂತಲ್ಲ. ಕುದುರೆ ತಿನ್ನು ಅಂತ.

ಶರಣಾದವರು ಸುಮಾರು 13,000 ಜನ. ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು. ಬಹಳ ಜನ ದಾರಿಯಲ್ಲೇ ಸತ್ತರು. ಆ ಕೂತ್‌ನೊಳಗೆ ಒಬ್ಬ ಬಂಗಾಳಿ ಡಾಕ್ಟರ್ ಇದ್ದರು, ಕ್ಯಾಪ್ಟನ್ ಕಲ್ಯಾಣ್ ಕುಮಾರ್ ಮುಖರ್ಜಿ. ತಾಯಿಗೆ ಬಂಗಾಳಿಯಲ್ಲಿ ಪತ್ರ ಬರೆಯುತ್ತಿದ್ದರು. ಯುದ್ಧವನ್ನೂ, ಈ ದೇಶ ನಮ್ಮದು ಅನ್ನುವ ಹೆಸರಲ್ಲಿ ನಡೆಯುವ ಕೊಲೆಯನ್ನೂ ನೇರವಾಗಿ ಬೈದು ಬರೆದರು. 1917ರಲ್ಲಿ ಸೆರೆಯಲ್ಲೇ ಟೈಫಸ್ ಜ್ವರದಿಂದ ತೀರಿಕೊಂಡರು. ಅವರ ಅಜ್ಜಿ, ಹಣ್ಣು ಹಣ್ಣು ಮುದುಕಿ, ಮೊಮ್ಮಗನ ಬದುಕಿನ ಕತೆ ಬರೆದು ಆ ಪತ್ರಗಳನ್ನೂ ಸೇರಿಸಿ 1928ರಲ್ಲಿ ಅಚ್ಚು ಹಾಕಿಸಿದರು. ಅಜ್ಜಿ ಇಟ್ಟುಕೊಂಡದ್ದಕ್ಕೆ ಆ ಪತ್ರ ಮೂಲ ಭಾಷೆಯಲ್ಲೇ ಉಳಿಯಿತು. ಬುಲೋನಿನ ಕಚೇರಿಯಿಂದ ಆಗದ ಕೆಲಸ.

ಮರಾಠಾ ಪಲ್ಟಣದ ಯಾವ ಅಜ್ಜಿಯ ಟ್ರಂಕಿನಲ್ಲಿ ಏನಿತ್ತೋ? ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಳೆ ಕಾಗದ ಇದ್ದರೆ ರದ್ದಿಗೆ ಹಾಕಬೇಡಿ. ಇದು ಉಪದೇಶ ಅಲ್ಲ, ಅಂಚೆಯವನ ಬೇಡಿಕೆ.

ಈಗ ನನ್ನ ಕೆಲಸದ ಮಾತು.

‘56 ಎಪಿಒ’ ಅಂತ ವಿಳಾಸ ನೋಡಿರುತ್ತೀರಿ, ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್. ಅದು ಊರಲ್ಲ. ಜಮ್ಮುವಿನಲ್ಲಿದ್ದರೂ ಅದೇ, ರಾಜಸ್ಥಾನದ ಮರಳಿನಲ್ಲಿದ್ದರೂ ಅದೇ. ಪೂರ್ವದ ಕಡೆ ಇದ್ದರೆ 99 ಎಪಿಒ. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಎಪಿಒ. ಅಷ್ಟೇ. ಯಾವ ಯೂನಿಟ್ ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಒಳಗೆ ಬೀಗದಲ್ಲಿ. ಯೂನಿಟ್ ಜಾಗ ಬದಲಿಸಿದರೆ ಪಟ್ಟಿ ಬದಲಾಗುತ್ತದೆ, ವಿಳಾಸ ಬದಲಾಗುವುದಿಲ್ಲ. ಗಂಡ ಎಲ್ಲಿದ್ದಾನೆ ಅಂತ ಹೆಂಡತಿಗೆ ಗೊತ್ತಿಲ್ಲ, ಆದರೆ ಅವಳ ಕಾಗದಕ್ಕೆ ಗೊತ್ತು. 56ರ ಕಾಗದಗಳನ್ನು ದೆಹಲಿಯ ಬೇಸ್ ಪೋಸ್ಟ್ ಆಫೀಸಿನಲ್ಲಿ ವಿಂಗಡಿಸಿ ಫೀಲ್ಡ್ ಪೋಸ್ಟ್ ಆಫೀಸಿಗೆ ಕಳಿಸುತ್ತೇವೆ. ಅಲ್ಲಿಂದ ಯೂನಿಟ್ಟಿನವ ಬಂದು ಚೀಲ ಒಯ್ಯುತ್ತಾನೆ. ಮುಂದೆ ಗಾಡಿ, ಹೇಸರಗತ್ತೆ, ಇಲ್ಲವೇ ಮನುಷ್ಯನ ಬೆನ್ನು.

1999ರ ಬೇಸಿಗೆಯಲ್ಲಿ ನಾನು ದೆಹಲಿಯಲ್ಲಿದ್ದೆ. ಕಾರ್ಗಿಲ್. ಚೀಲದ ಮೇಲೆ ಚೀಲ. ಕನ್ನಡದಲ್ಲಿ ವಿಳಾಸ ಇದ್ದ ಕಾಗದ ಸಿಕ್ಕರೆ ಜೊತೆಯವರು ನನ್ನ ಕಡೆ ಎಸೆಯುತ್ತಿದ್ದರು. “ಏ ಮದ್ರಾಸಿ, ತೇರಾ ಹೈ.” ಬೆಳಗಾವಿಯವ ಮದ್ರಾಸಿ ಹೇಗಾದೆ ಅಂತ ವಾದ ಮಾಡಲು ಪುರುಸೊತ್ತು ಇರಲಿಲ್ಲ. ಶಾಲೆಯ ಮಕ್ಕಳು ಬರೆದ ಕಾಗದವೂ ಬಹಳ. ‘ಸೈನಿಕ ಅಣ್ಣನಿಗೆ, ಕಾರ್ಗಿಲ್’ ಅಂತಷ್ಟೇ ವಿಳಾಸ. ಯಾವ ಅಣ್ಣ? ಯಾವುದಾದರೂ ಒಂದು ಕಟ್ಟಿಗೆ ಸೇರಿಸುತ್ತಿದ್ದೆವು.

ಒಂದು ದಿನ ದಪ್ಪನೆಯ ಲಕೋಟೆ ಬಂತು. ಅಂಚು ಒಡೆದಿತ್ತು. ಎತ್ತಿದ ಕೂಡಲೇ ಕೈಯೆಲ್ಲ ಹಳದಿ. ಭಂಡಾರ. ಸವದತ್ತಿ ಎಲ್ಲಮ್ಮನದ್ದು ಅಂತ ವಾಸನೆಗೇ ಗೊತ್ತಾಯಿತು. ಯಾವಳೋ ತಾಯಿ ಗುಡ್ಡ ಹತ್ತಿ ಬಂದು, ಚೀಟಿಯಲ್ಲಿ ಕಟ್ಟಿ, ಮಗನ ಹಣೆಗೆ ಅಂತ ಕಳಿಸಿದ್ದಾಳೆ. ಅದು ದೆಹಲಿಯಲ್ಲಿ ನನ್ನ ಅಂಗೈ ಮೇಲೆ. ಉದುರಿದ್ದನ್ನು ಕಾಗದದ ಚೂರಿನಿಂದ ಬಾಚಿ ಬಾಚಿ ಒಳಗೆ ಹಾಕಿ ಗೋಂದು ಹಚ್ಚಿದೆ. ಕೈ ತೊಳೆಯಲು ಮನಸ್ಸು ಬರಲಿಲ್ಲ. ಆಮೇಲೆ ತೊಳೆದೆ, ಬೇರೆ ಕಾಗದಕ್ಕೆ ಬಣ್ಣ ಹತ್ತುತ್ತದಲ್ಲ.

ವಾಪಸ್ ಬರುವ ಕಾಗದಗಳೂ ಇದ್ದವು. ಊರಿನವರು ಬರೆದು ಹಾಕಿರುತ್ತಾರೆ. ಅದು ಮುಟ್ಟುವಷ್ಟರಲ್ಲಿ ಆ ಹುಡುಗ ಇಲ್ಲ. ಸುದ್ದಿ ಮನೆಗೆ ಹೋಗಿದೆ ಅಂತ ಖಾತ್ರಿ ಆಗುವವರೆಗೆ ನಮ್ಮ ಟೇಬಲಿನವರು ಅವನ್ನು ಬೇರೆಯಾಗಿ ಇಡುತ್ತಿದ್ದೆವು. ನಮ್ಮ ಕಾಗದವೇ ಮೊದಲು ಹೋಗಿ ಬಾಗಿಲು ತಟ್ಟಬಾರದು. ಆ ಕಟ್ಟಿನ ಬಗ್ಗೆ ಇಷ್ಟು ಸಾಕು.

ಮೂರನೆಯವನಿಗೆ ಹೆದರದೆ ಬರೆದ ಪತ್ರ ಇಲ್ಲವೇ? ಇದೆ. ಕ್ಯಾಪ್ಟನ್ ವಿಜಯಂತ್ ಥಾಪರ್ ಬರೆದದ್ದು. ರಾಜಪುತಾನಾ ರೈಫಲ್ಸಿನ ಹುಡುಗ, 22 ವರ್ಷ. 1999ರ ಜೂನ್ ಕೊನೆಗೆ ನೋಲ್ ಅನ್ನುವ ಶಿಖರದ ಮೇಲಿನ ದಾಳಿಗೆ ಹೊರಡುವ ಮೊದಲು ಬರೆದಿಟ್ಟ. ತಾನು ಬಾರದಿದ್ದರೆ ಮಾತ್ರ ಮನೆಗೆ ಮುಟ್ಟಬೇಕಾದ ಪತ್ರ. ಬರಲಿಲ್ಲ. ಈ ಪತ್ರ ಸಿಗುವ ಹೊತ್ತಿಗೆ ನಾನು ಆಕಾಶದಿಂದ ನಿಮ್ಮನ್ನು ನೋಡುತ್ತಾ ಅಪ್ಸರೆಯರ ಆತಿಥ್ಯದಲ್ಲಿರುತ್ತೇನೆ ಅಂತ ತಮಾಷೆ ಮಾಡಿದ್ದಾನೆ. ದೇಹದ ಯಾವ ಅಂಗ ತೆಗೆಯಲು ಆಗುತ್ತದೋ ಅದನ್ನು ದಾನ ಮಾಡಿ ಅಂದಿದ್ದಾನೆ. ಸಾಧ್ಯವಾದರೆ ಬಂದು ಈ ಜಾಗ ನೋಡಿ ಅಂದಿದ್ದಾನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು. ಕಾಶ್ಮೀರದಲ್ಲಿ ಅವನು ಹಚ್ಚಿಕೊಂಡಿದ್ದ ರುಖ್ಸಾನಾ ಅನ್ನುವ ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ ಅಂತ ಬರೆದಿದ್ದಾನೆ. ಸಾಯಲು ಹೊರಟವ ಐವತ್ತು ರೂಪಾಯಿಯ ಲೆಕ್ಕ ಬರೆಯುತ್ತಾನೆ. ಸೈನಿಕರ ಪತ್ರ ಓದಿ ಓದಿ ನನಗೆ ಅನ್ನಿಸಿದ್ದು, ನಿಜವಾದ ಮಾತು ಇರುವುದು ಈ ಲೆಕ್ಕದ ಸಾಲುಗಳಲ್ಲೇ.

ನಾನು ಬೆಳಿಗ್ಗೆ ತಿರುಗಾಡಲು ಹೋದಾಗ ಒಮ್ಮೊಮ್ಮೆ ಖಡಕಿಯ ವಾರ್ ಸಿಮೆಟ್ರಿ ಕಡೆ ಹೋಗುತ್ತೇನೆ. ನೀವೂ ಹೋಗಿ ಬನ್ನಿ, ಪುಣೆಯಲ್ಲಿ ಅಷ್ಟು ಶಾಂತ ಜಾಗ ಕಡಿಮೆ. ಎರಡನೇ ಮಹಾಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳಿವೆ. ಕಲ್ಲಿನ ಕೆಳಭಾಗದಲ್ಲಿ ಕೆಲವಕ್ಕೆ ಮನೆಯವರು ಬರೆಸಿದ ಒಂದೆರಡು ಸಾಲು. ಮೊದಲ ಯುದ್ಧದ ಕಲ್ಲುಗಳಿಗೆ ಅದಕ್ಕೂ ರೇಟು ಇತ್ತು. ಒಂದು ಅಕ್ಷರಕ್ಕೆ ಮೂರೂವರೆ ಪೆನ್ಸ್, 66 ಅಕ್ಷರ ಮೀರುವಂತಿಲ್ಲ, ಎರಡು ಶಬ್ದದ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ. ನಮ್ಮ ತಾರ್, ಅಂದರೆ ಟೆಲಿಗ್ರಾಂ, ಬರೆಯುವಾಗ ಶಬ್ದ ಎಣಿಸುತ್ತಿದ್ದೆವಲ್ಲ, ಹಾಗೆ. ಮನೆಯಿಂದ ಮಗನಿಗೆ ಹೋದ ಕೊನೆಯ ಕಾಗದ ಅದು, ಅಕ್ಷರ ಎಣಿಸಿ ಬರೆದದ್ದು.

ಇನ್ನು ಕಾಕಾನ ಕಾಗದಕ್ಕೆ ಬರುತ್ತೇನೆ.

ಓದಿದ ಎರಡು ಮೂರು ದಿನಕ್ಕೆ ಆಯಿ ಉತ್ತರ ಬರೆಸಿದಳು. ನಾನು ಬರೆಯುತ್ತಿದ್ದದ್ದು ಕನ್ನಡ ಮಾತು, ಬಾಳಬೋಧ ಅಂದರೆ ದೇವನಾಗರಿ ಅಕ್ಷರ. ಕಾಕಾಗೆ ಕನ್ನಡ ಅಕ್ಷರ ಓದಲು ತಡವರಿಕೆ, ಅದಕ್ಕೆ. ಆಯಿ ಹೇಳಿದಳು: “ಕಾಗದ ಮುಟ್ಟಿತು, ಎಲ್ಲಾ ವಿಷಯ ತಿಳೀತು ಅಂತ ಬರಿ.” ಬರೆದೆ. ಎಲ್ಲ ಕಾಗದವೂ ಹಾಗೇ ಶುರುವಾಗುವುದಲ್ಲವೇ. ಎಮ್ಮೆ ಈದಿದೆ, ಕರು ಹೆಣ್ಣು. ಕಡಲೆ ಛಲೋ ಬಂದಿದೆ. ಬಾವಿಯ ನೀರು ಕೆಳಗೆ ಹೋಗಿದೆ. ಕೊನೆಗೆ ಮತ್ತೆ ಅಂದಳು, “ಎಲ್ಲಾ ವಿಷಯ ತಿಳೀತು ಅಂತ ಬರಿ.”

“ಮೊದಲs ಬರದೇನಿ ಆಯಿ.”

“ಇನ್ನೊಮ್ಮೆ ಬರಿ. ನಿನ್ನ ಶಾಯಿಗೇನ ನಾ ರೊಕ್ಕ ಕೊಡಾಂಗಿಲ್ಲೇನ?”

ಮುದುಕರ ಚಟ ಅಂದುಕೊಂಡು ಬರೆದೆ.

ಡಿಸೆಂಬರ್ 3ಕ್ಕೆ ಯುದ್ಧ ಶುರುವಾಯಿತು. ಕಾಕಾನ ಪಲ್ಟಣ, ಒಂದನೇ ಮರಾಠಾ, ಪೂರ್ವದಲ್ಲಿ, ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ಕಡೆ ಇತ್ತು. ಇದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ಜಮಾಲ್‌ಪುರದಲ್ಲೂ ಒಂದು ಪತ್ರದ ಕತೆ ಇದೆ. ಮುಂದಿನ ಸಾಲಿನ ಸುಬೇದಾರರು ತಲೆಯಾಡಿಸುತ್ತಿದ್ದಾರೆ, ಅವರಿಗೆ ಗೊತ್ತು. ನಮ್ಮ ಬ್ರಿಗೇಡಿಯರ್ ಹರ್‌ದೇವ್ ಸಿಂಗ್ ಕ್ಲೇರ್, ನೀವು ಸುತ್ತುವರಿಯಲ್ಪಟ್ಟಿದ್ದೀರಿ, ಶರಣಾಗಿ ಅಂತ ಎದುರಿನ ಬಲೂಚ್ ಪಲ್ಟಣಕ್ಕೆ ಒಬ್ಬ ವಯಸ್ಸಾದ ಸ್ಥಳೀಯನ ಕೈಯಲ್ಲಿ ಚೀಟಿ ಕಳಿಸಿದರು. ಅಲ್ಲಿನ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್ ಉತ್ತರ ಕಳಿಸಿದ. ಯುದ್ಧ ಇನ್ನೂ ಶುರುವೇ ಆಗಿಲ್ಲ, ಮುಂದಿನ ಸಲ ನಿಮ್ಮ ಕೈಯಲ್ಲಿ ಪೆನ್ನಿನ ಬದಲು ಸ್ಟೆನ್ ಗನ್ ನೋಡಲು ಬಯಸುತ್ತೇನೆ ಅಂತ. ಕಾಗದದಲ್ಲಿ ಒಂದು ಗುಂಡು ಸುತ್ತಿ ಇಟ್ಟಿದ್ದ. ಮರುದಿನ ರಾತ್ರಿ ಆ ಪಲ್ಟಣ ತಪ್ಪಿಸಿಕೊಂಡು ಹೊರಡಲು ನೋಡಿದಾಗ ದಾರಿ ಕಟ್ಟಿ ಕುಳಿತವರು ಕಾಕಾನ ಪಲ್ಟಣದವರೇ.

ಊರಲ್ಲಿ ನಮಗೆ ಇದ್ಯಾವುದೂ ಗೊತ್ತಿಲ್ಲ. ಪಂಚಾಯ್ತಿ ರೇಡಿಯೋ ಒಂದೇ. ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ನಮ್ಮ ಮನೆ ಮುಂದೆ ಇಳಿಯದೆ ಹೋದರೆ ಸಾಕು ಅಂತ ಮನೆಯವರೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಇಳಿದರೆ ತಾರ್ ಇರಬಹುದು. ಹದಿನಾರಕ್ಕೆ ಢಾಕಾ ಬಿತ್ತು, ಊರಲ್ಲಿ ಪೇಡೆ ಹಂಚಿದರು. ಆಯಿ ಪೇಡೆ ಇಸಿದುಕೊಂಡು ದೇವರ ಮುಂದೆ ಇಟ್ಟಳು, ತಿನ್ನಲಿಲ್ಲ. ಜನವರಿಯಲ್ಲಿ ಕಾಕಾನ ಕಾಗದ ಬಂತು. ನಡುಗುತ್ತಾ ಓದಿದೆ. ‘ಇಲ್ಲಿ ನದಿ ಬಹಳ. ಜನ ಮೀನು ತಿನ್ನುತ್ತಾರೆ. ಸ್ವೆಟರ್ ತೋಳು ಹರಿದಿದೆ. ಕರುವಿಗೆ ಏನು ಹೆಸರಿಟ್ಟಿರಿ?’ ಇಡೀ ಯುದ್ಧದ ವರದಿ ಇಷ್ಟೇ. ಆಯಿ ಆವತ್ತು ಪೇಡೆ ತಿಂದಳು. ಕಲ್ಲಿನಂತಾಗಿತ್ತು.

ಬೇಸಿಗೆಯಲ್ಲಿ ಕಾಕಾ ರಜೆಗೆ ಬಂದ. ಊಟಕ್ಕೆ ಕುಳಿತಾಗ ಆಯಿ ರೊಟ್ಟಿ ಬಡಿಯುತ್ತಾ, ಇತ್ತ ತಿರುಗದೆ ಕೇಳಿದಳು. “ಆ ಕಾಗದದಾಗ ಕಡೀಕ ಎರಡ ಸಾಲ ಏನ ಬರದಿದ್ದಿ?”

ನನ್ನ ಕೈಯ ತುತ್ತು ಕೈಯಲ್ಲೇ. ಕಾಕಾ ನನ್ನ ಮುಖ ನೋಡಿದ. ಏನಾಗಿದೆ ಅಂತ ಅವನಿಗೆ ಕೂಡಲೇ ತಿಳಿಯಿತು.

“ಹೋರಿ ಮಾರಬ್ಯಾಡ್ರಿ ಅಂತ ಬರದಿದ್ದೆ.”

“ಮಾರಿಲ್ಲ ಬಿಡು” ಅಂದಳು ಆಯಿ. ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದಳು.

ಆ ಎರಡು ಸಾಲು ಈಗ ಓದುತ್ತೇನೆ. ಆಗ ಓದಲಿಲ್ಲ. ‘ನನಗೆ ಏನಾದರೂ ಹೆಚ್ಚುಕಡಿಮೆ ಆದರೆ ಪೆನ್ಶನ್ ಕಾಗದ ಅವ್ವನ ಹೆಸರಿಗೆ ಬರುತ್ತದೆ. ಹೆಬ್ಬೆಟ್ಟು ಒತ್ತುವ ಮೊದಲು ಮಾಸ್ತರರಿಗೆ ತೋರಿಸಬೇಕು.’

ಆಯಿ ತೀರಿಕೊಂಡದ್ದು ಹದಿನಾಲ್ಕು ವರ್ಷ ಆದಮೇಲೆ. ಟ್ರಂಕಿನಲ್ಲಿ ಕಾಕಾನ ಕಾಗದಗಳೆಲ್ಲ ಒಂದು ದಾರದಲ್ಲಿ ಕಟ್ಟಿದ್ದವು. ದಿನ ಮಾಡಿದ ದಿವಸ ನಮ್ಮ ಮಾಸ್ತರರೂ ಬಂದಿದ್ದರು, ಆಗಲೇ ರಿಟೈರ್ ಆಗಿದ್ದರು. ಊಟ ಆದಮೇಲೆ ಕಟ್ಟೆಯ ಮೇಲೆ ಕುಳಿತಾಗ ನಾನು ಈ ಕತೆ ಹೇಳಿದೆ. ಆಯಿಗೆ ಕೊನೆವರೆಗೂ ಸುಳ್ಳು ಹೇಳಿಬಿಟ್ಟೆ ಸರ್ ಅಂದೆ. ಮಾಸ್ತರರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

“ಅಲ್ಲೋ, ಮರುದಿನ ಮುಂಜಾನೇನ ನಿಮ್ಮ ಆಯಿ ಸಾಲಿಗೆ ಬಂದಿದ್ಲು. ಕಾಗದ ಬಿಚ್ಚಿ, ಕೆಳಗಿನ ಎರಡ ಸಾಲ ಅಷ್ಟ ಓದ್ರಿ ಅಂದ್ಲು. ಮ್ಯಾಲಿಂದು ನಮ್ಮ ಹುಡುಗ ಓದ್ಯಾನ ಅಂದ್ಲು.”